ರಾತ್ರಿಯ ಕೆಮ್ಮಿಗೆ ಎದೆಯೊಂದನ್ನೇ ದೂರಬೇಡ

ಚಿತ್ರದುರ್ಗ

ಪ್ರೀತಿಯ ಗೆಳೆಯಾ,

ಅತ್ತಿಗೆ ಫೋನ್ ಮಾಡಿದ್ದರು. "ಹಗಲೆಲ್ಲ ಚೆನ್ನಾಗೇ ಇರ್ತಾರೆ, ಮಲಗಿ ಒಂದು ತಾಸಿಗೆಲ್ಲ ಕೆಮ್ಮು ಶುರು. ದಮ್ಮಿನ ಪಂಪು (ಇನ್ಹೇಲರ್) ಹೊಡ್ಕೊಂಡ್ರೂ ನಿಲ್ಲಲ್ಲ. ಬಾಯೆಲ್ಲ ಹುಳಿಹುಳಿ ಅಂತಾರೆ, ಬೆಳಗ್ಗೆ ದನಿ ಒಡೆದಿರುತ್ತೆ" ಅಂದರು. ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತಿದ್ದೇನೆ, ಗಿರಣಿಯಲ್ಲಿ ನಿನ್ನ ಜೊತೆ ದುಡಿದು ದಮ್ಮು ಹತ್ತಿಸಿಕೊಂಡವರಿಗೂ ಬೇಕಾಗಬಹುದು.

ಹತ್ತಿಯ ಧೂಳು, ಬೀಡಿ ಎರಡೂ ಸೇರಿ ನಿನಗೆ ಸಿಒಪಿಡಿ, ಅಂದರೆ ಶ್ವಾಸನಾಳ ಕಿರಿದಾಗಿ ದಮ್ಮು ಕಟ್ಟುವ ದೀರ್ಘ ಕಾಯಿಲೆ, ತಂದದ್ದು ನಿಜ. ಬೀಡಿ ಬಿಟ್ಟೆಯಲ್ಲ, ಅದು ದೊಡ್ಡ ಕೆಲಸ ಕಣೋ. ಆದರೆ ಮಲಗಿದ ಮೇಲೇ ಹೆಚ್ಚುವ ಕೆಮ್ಮಿಗೆ ಹೊಟ್ಟೆಯನ್ನೂ ಅನುಮಾನಿಸಬೇಕು. ಅನ್ನನಾಳದ ಬುಡದಲ್ಲಿ ಬಿಗಿ ಹಿಡಿಯುವ ಸ್ನಾಯುವಿದೆ. ಅದು ಸಡಿಲವಾದರೆ ಆಮ್ಲ ಮೇಲೇರುತ್ತದೆ, ಗಂಟಲಿಗೆ ಬಂದ ಹನಿ ಶ್ವಾಸನಾಳಕ್ಕೂ ಇಳಿಯಬಹುದು. ಅಷ್ಟು ಮೇಲೆ ಬಾರದಿದ್ದರೂ ಅನ್ನನಾಳ ಕೆರಳಿದರೆ ಸಾಕು, ನರಗಳ ಮೂಲಕ ಕೆಮ್ಮು ಏಳುತ್ತದೆ. ಕೆಮ್ಮಿದಷ್ಟೂ ಹೊಟ್ಟೆ ಹಿಂಡಿ ಇನ್ನಷ್ಟು ಆಮ್ಲ ಮೇಲೆ ಬರುತ್ತದೆ. ನನ್ನ ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಕಫ ತುಂಬಿಕೊಳ್ಳುವ ಕಾಯಿಲೆ) ಜೊತೆ ಇದೂ ಅಂಟಿಕೊಂಡಿದೆ. ಎದೆ ಉರಿ ಇಲ್ಲ ಅಂತ ಸುಮ್ಮನಾಗಬೇಡ, ಎಷ್ಟೋ ಜನರಿಗೆ ಉರಿಯಿಲ್ಲದೆಯೇ ಹೀಗಾಗುತ್ತದೆ.

ಮೊದಲು ಮಂಚ ಸರಿಮಾಡು. ದಿಂಬಿನ ಮೇಲೆ ದಿಂಬು ಪೇರಿಸಿದರೆ ಸೊಂಟ ಮಡಚಿ ಹೊಟ್ಟೆಯೇ ಒತ್ತುತ್ತದೆ. ತಲೆಕಡೆಯ ಎರಡು ಕಾಲುಗಳನ್ನು 6ರಿಂದ 8 ಇಂಚು ಎತ್ತರಿಸಬೇಕು. ನಾನು ಸಾ ಮಿಲ್ಲಿನಲ್ಲಿ ಮರದ ತುಂಡು ಕೊಯ್ಸಿ, ಕಾಲು ಜಾರದಂತೆ ನಡುವೆ ಗುಳಿ ತೋಡಿಸಿ, ಅಡಿಗೆ ಹಳೇ ಸೈಕಲ್ ಟ್ಯೂಬ್ ಹಾಸಿದ್ದೇನೆ. ಮೊದಮೊದಲು ಮೈ ಕೆಳಗೆ ಜಾರಿದಂತಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಎಡಮಗ್ಗುಲಲ್ಲಿ ಮಲಗು. ಆಗ ಆಮ್ಲ ಅನ್ನನಾಳದ ಬಾಯಿಗಿಂತ ಕೆಳಗೇ ನಿಲ್ಲುತ್ತದೆ.

ದಾವಣಗೆರೆಯವನಿಗೆ ಸಂಜೆಯ ಮಂಡಕ್ಕಿ, ಮಿರ್ಚಿ ಬಿಡು ಅನ್ನಲು ನನಗೇ ಸಂಕಟ. ಮಂಡಕ್ಕಿ ಖಾರ ಕಮ್ಮಿ ಮಾಡಿ ತಿನ್ನು, ಮಿರ್ಚಿ ಮಾತ್ರ ಬೇಡ. ಬೆಣ್ಣೆ ದೋಸೆ ಆಸೆಯಾದರೆ ಬೆಳಗ್ಗೆ ಒಂದು ತಿನ್ನು. ರಾತ್ರಿ ಊಟ ಹಗುರವಿರಲಿ, ಮಲಗುವ 3 ತಾಸು ಮೊದಲೇ ಮುಗಿಯಲಿ.

ಪ್ಯಾಂಟಾಪ್ರಜೋಲ್ ಮಾತ್ರೆಯನ್ನು ಊಟ ಆದ ಮೇಲೆ ನುಂಗುತ್ತೀಯಂತೆ. ಅದನ್ನು ತಿನ್ನುವುದಕ್ಕೆ ಅರ್ಧದಿಂದ ಒಂದು ತಾಸು ಮೊದಲು ತಗೋಬೇಕು. ಅದು ಆಮ್ಲ ತಗ್ಗಿಸುತ್ತದೆಯೇ ಹೊರತು ಹೊಟ್ಟೆಯಲ್ಲಿದ್ದದ್ದು ಮೇಲೆ ಬರುವುದನ್ನು ತಡೆಯುವುದಿಲ್ಲ. ಅದಕ್ಕೇ ಮಂಚದ ಬಗ್ಗೆ ಇಷ್ಟು ಬರೆದೆ. ಥಿಯೋಫಿಲಿನ್ ಇರುವ ದಮ್ಮಿನ ಮಾತ್ರೆ, ಕೆಲವು ಬಿಪಿ ಮಾತ್ರೆಗಳು ಆ ಸ್ನಾಯುವನ್ನು ಸಡಿಲಿಸುತ್ತವೆ. ನೀನಾಗಿ ಯಾವುದನ್ನೂ ನಿಲ್ಲಿಸಬೇಡ, ಪಂಪನ್ನಂತೂ ಬಿಡಲೇಬೇಡ. ಎದೆಯ ಡಾಕ್ಟರು ಬರೆದ ಚೀಟಿ, ಬಿಪಿ ಚೀಟಿ ಎಲ್ಲ ಒಟ್ಟಿಗೆ ಒಬ್ಬರ ಮುಂದಿಟ್ಟು ಕೇಳು.

ಕಫದಲ್ಲಿ ರಕ್ತ, ಕಪ್ಪು ಮಲ, ನುಂಗಲು ಕಷ್ಟ, ಎದೆನೋವು, ಇಲ್ಲವೇ ಕಾಲು ಊದಿ ಮಲಗಿದರೆ ಉಸಿರೇ ಸಿಗದ ಹಾಗಾದರೆ ಅವತ್ತೇ ಆಸ್ಪತ್ರೆಗೆ ಹೋಗು. ಮಲಗಿದಾಗಿನ ಕಷ್ಟ ಹೃದಯದ್ದೂ ಇರಬಹುದು.

ಭಾನುವಾರ ಬರುತ್ತೇನೆ. ಮಂಚದ ಕಾಲಿನ ದಪ್ಪ ಎಷ್ಟಿದೆ ಅಳೆದು ಹೇಳು, ಮರದ ತುಂಡು ಇಲ್ಲಿಂದಲೇ ತರುತ್ತೇನೆ.

ನಿನ್ನ ಗೆಳೆಯ