ಕೆನಾಲ್ ಗುಂಟ ಒಂದು ಸೈಕಲ್ ದಾರಿ: ಗೆಳೆಯನಿಗೊಂದು ಪತ್ರ

ವಿಜಯಪುರ
ಭಾನುವಾರ ರಾತ್ರಿ

ಪ್ರೀತಿಯ ದೋಸ್ತಾ,

ಅವತ್ತು ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. "ಹನ್ನೊಂದು ವರ್ಷದ ಹುಡುಗಿನ್ನ ಕರಕೊಂಡು ಪರದೇಶದಾಗ ಸೈಕಲ್ ಹೊಡಿಯಾಕ ಧೈರ್ಯ ಹೆಂಗ ಬಂತೋ?" ಅಂದಿದ್ದೆ. ಧೈರ್ಯ ನನ್ನದಲ್ಲ. ದಾರಿ ಹಾಗಿತ್ತು. ಆ ದಾರಿಯ ಬಗ್ಗೆಯೇ ಬರೆಯಬೇಕು ಅಂತ ಈಗ ಕೂತಿದ್ದೇನೆ.

ನಾವು ಸೈಕಲ್ ಹತ್ತಿದ್ದು ಜರ್ಮನಿಯ ಪಾಸೌ ಎಂಬ ಊರಲ್ಲಿ. ಡ್ಯಾನ್ಯೂಬ್, ಇನ್, ಇಲ್ಜ್ ಅಂತ ಮೂರು ಹೊಳೆ ಅಲ್ಲಿ ಕೂಡುತ್ತವೆ. ಮಗಳು ನೋಡಿದ ಕೂಡಲೇ "ಕೂಡಲಸಂಗಮ!" ಅಂದಳು. ಅಲ್ಲಿಂದ ಡ್ಯಾನ್ಯೂಬ್ ಗುಂಟ ಆಸ್ಟ್ರಿಯಾದ ವಿಯೆನ್ನಾವರೆಗೆ 300 ಕಿಲೋಮೀಟರಿಗಿಂತ ಜಾಸ್ತಿ. ಜುಲೈ ತಿಂಗಳಲ್ಲಿ ಎಂಟು ದಿನ ತುಳಿದೆವು. ಹೊಳೆ ಹರಿಯುವ ಕಡೆಗೇ ಹೋಗುವುದರಿಂದ ದೊಡ್ಡ ಏರು ಸಿಗುವುದಿಲ್ಲ.

ಈ ದಾರಿ ಮೊದಲು ಸೈಕಲ್ಲಿಗೆ ಅಂತ ಮಾಡಿದ್ದಲ್ಲ, ಗೊತ್ತಾ? ಇಂಜಿನ್ ಇಲ್ಲದ ಕಾಲದಲ್ಲಿ ಸರಕಿನ ದೋಣಿಗಳು ಹರಿವಿಗೆ ಎದುರಾಗಿ ಹೋಗಬೇಕಾದರೆ ಕುದುರೆಗಳು ದಂಡೆಯ ಮೇಲೆ ನಡೆಯುತ್ತ ಹಗ್ಗ ಕಟ್ಟಿ ಎಳೆಯುತ್ತಿದ್ದವು. ಕುದುರೆ ನಡೆದ ಆ ದಾರಿಗೆ ಅಲ್ಲಿನವರು ಟ್ರೆಪ್ಪೆಲ್‌ವೆಗ್ ಅನ್ನುತ್ತಾರೆ. ಉಗಿ ಹಡಗು ಬಂದ ಮೇಲೆ ಕುದುರೆಗಳ ಕೆಲಸ ಹೋಯಿತು. ದಾರಿ ಉಳಿಯಿತು. ಈಗ ಬಹಳ ಕಡೆ ಅದರ ಮೇಲೆಯೇ ಸೈಕಲ್ ಓಡುತ್ತವೆ.

ಮೊದಲ ದಿನ ತಪ್ಪಾಯಿತು. ಅರವತ್ತು ಕಿಲೋಮೀಟರ್ ಮಾಡೋಣ ಅಂತ ನಾನು ಹಟ ಹಿಡಿದಿದ್ದೆ. ಮಗಳ ಬಾಡಿಗೆ ಸೈಕಲ್ಲಿನ ಸೀಟು ಎತ್ತರವಾಗಿತ್ತು. ಅಂಗಡಿಯವರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಶ್ಲೋಗನ್ ಹತ್ತಿರ ಹೊಳೆ ಗುಡ್ಡಕ್ಕೆ ಬಡಿದು ವಾಪಸ್ ಬಂದ ದಿಕ್ಕಿಗೇ ತಿರುಗುತ್ತದೆ. ಎಲ್ಲರೂ ನಿಂತು ಫೋಟೋ ತೆಗೆಯುವ ಜಾಗ. ಅಲ್ಲಿ ಅವಳು ಸೈಕಲ್ ಒಗೆದು ಗಿಡದ ಬುಡದಲ್ಲಿ ಕೂತು ಅತ್ತಳು. ಸೀಟು ಇಳಿಸಿದೆ. ಕಟಕ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟೆ. ಅವತ್ತು ಅಲ್ಲೇ ಉಳಿದೆವು. ಆಮೇಲೆ ದಿನಕ್ಕೆ ನಲವತ್ತರ ಲೆಕ್ಕ, ಎಲ್ಲಿ ನಿಲ್ಲಬೇಕು ಅನ್ನುವುದು ಅವಳ ಮಾತು.

ಮೂರನೇ ದಿನದಿಂದ ಅವಳೇ ಮುಂದೆ, ನಾನು ಹಿಂದೆ. ಇಲ್ಲಿ ಅವಳನ್ನು ಶಾಲೆಗೆ ನಾನು ಸ್ಕೂಟರಿನಲ್ಲಿ ಬಿಡುತ್ತೇನೆ. ಲಾರಿ, ಕಬ್ಬಿನ ಟ್ರ್ಯಾಕ್ಟರ್ ನಡುವೆ ಸೈಕಲ್ ಬಿಡಲು ಜೀವ ಒಪ್ಪುವುದಿಲ್ಲ. ಹಾಗಾಗಿ ಮಗಳ ಬೆನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ದಾರಿ ಕವಲೊಡೆದ ಕಡೆ ನಿಂತು ಹಸಿರು ಬೋರ್ಡಿನಲ್ಲಿ ನಮ್ಮ ದಾರಿಯ ನಂಬರು 'ಆರ್ 1' ಹುಡುಕುತ್ತಿದ್ದಳು. ಕೈ ತೋರಿಸಿ ತಿರುಗುತ್ತಿದ್ದಳು. ಎದುರಿಗೆ ಬಂದ ಮುದುಕಿಯರು "ಗ್ರೂಸ್ ಗಾಟ್" ಅಂದರೆ ಇವಳು "ಶರಣ್ರೀ" ಅನ್ನುತ್ತಿದ್ದಳು. ಅವರದೂ ದೇವರ ಹೆಸರಿನ ನಮಸ್ಕಾರವೇ ಅಂತ ಹೇಳಿದ ಮೇಲೆ ಅವಳ ದನಿ ಇನ್ನೂ ಜೋರಾಯಿತು.

ಆಸ್ಟ್ರಿಯಾದಲ್ಲಿ 12 ವರ್ಷದ ಒಳಗಿನ ಮಕ್ಕಳಿಗೆ ಹೆಲ್ಮೆಟ್ ಕಡ್ಡಾಯ, 2011ರಿಂದ. ಆ ವಯಸ್ಸಿನವರು ದೊಡ್ಡವರಿಲ್ಲದೆ ರಸ್ತೆಗೆ ಇಳಿಯಬೇಕಾದರೆ ಸೈಕಲ್ ಪರೀಕ್ಷೆ ಪಾಸಾಗಬೇಕು. ನನಗೆ ಇದು ಬಹಳ ಹಿಡಿಸಿತು. ಮಕ್ಕಳು ರಸ್ತೆಗೆ ಬರುತ್ತಾರೆ ಅಂತ ಮೊದಲೇ ಒಪ್ಪಿಕೊಂಡ ಜನ ಮಾತ್ರ ಇಂಥ ಪರೀಕ್ಷೆ ಇಡುತ್ತಾರೆ.

ಇಬ್ಸ್ ಎಂಬ ಊರಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟಿ ಕರೆಂಟು ತೆಗೆಯುತ್ತಾರೆ. ಅದರ ಮೇಲೆಯೇ ಸೈಕಲ್ ತಗೊಂಡು ದಾಟಿದೆವು. "ಅಪ್ಪಾ, ಆಲಮಟ್ಟಿ ಸಣ್ಣದಾದಂಗ ಅದ" ಅಂದಳು. ಮೆಲ್ಕ್ ದಾಟಿದ ಮೇಲೆ ವಾಖೌ ಕಣಿವೆ. ನೀನು ನೋಡಬೇಕಿತ್ತು. ಗುಡ್ಡಕ್ಕೆ ಕಲ್ಲಿನ ಒಡ್ಡು ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ದ್ರಾಕ್ಷಿ ಹಚ್ಚಿದ್ದಾರೆ. ನಮ್ಮ ತಿಕೋಟಾ ಕಡೆಯ ಬೆಳೆಯೇ, ಆದರೆ ಒಣದ್ರಾಕ್ಷಿಗಲ್ಲ, ವೈನಿಗೆ. ಒಡ್ಡಿನ ಕಲ್ಲುಗಳ ನಡುವೆ ಗಾರೆ ಇಲ್ಲ, ಸುಮ್ನೆ ಕೂಡಿಸಿದ್ದು. ನಾನು ಇಳಿದು ಮುಟ್ಟಿ ನೋಡಿದೆ. ಕೆಳಗೆ ಜರ್ದಾಳು (ಏಪ್ರಿಕಾಟ್) ಹಣ್ಣಿನ ತೋಟ. ಜುಲೈ ಅದರ ಸುಗ್ಗಿ. ಇಡೀ ಹಣ್ಣನ್ನು ಹಿಟ್ಟಿನಲ್ಲಿ ಸುತ್ತಿ ಕುದಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ಮಗಳು ಅದಕ್ಕೆ ಕಡಬು ಅಂತಲೇ ಹೆಸರಿಟ್ಟು ಮೂರು ತಿಂದಳು.

ವಿಯೆನ್ನಾ ಬಗ್ಗೆ ಬರೆಯುವುದಿಲ್ಲ. ಅದು ದೊಡ್ಡ ಊರು, ಅಷ್ಟೇ.

ಈಗ ಅಸಲು ಮಾತು. ನಿಮ್ಮ ಹೊಲದ ಪಕ್ಕ ಆಲಮಟ್ಟಿ ಎಡದಂಡೆ ಕೆನಾಲ್ ಹರಿಯುತ್ತದೆ. ಅದರ ಗುಂಟ ನೀರಾವರಿ ಇಲಾಖೆಯ ಜೀಪು ಓಡಾಡುವ ದಾರಿ ಇದೆ. ಡ್ಯಾನ್ಯೂಬ್ ದಂಡೆಯ ಮೇಲೆ ಎಂಟು ದಿನವೂ ನನಗೆ ಅದೇ ಕಣ್ಣಿಗೆ ಬರುತ್ತಿತ್ತು. ಅಲ್ಲಿ ಕುದುರೆ ನಡೆದಿತ್ತು, ಇಲ್ಲಿ ಜೀಪು ನಡೆಯುತ್ತದೆ. ಸಪಾಟು ನೆಲ, ಪಕ್ಕದಲ್ಲಿ ನೀರು, ಲಾರಿ ಇಲ್ಲ. ರಾಷ್ಟ್ರಮಟ್ಟದ ಸೈಕಲ್ ರೇಸಿಗೆ ಹುಡುಗರನ್ನು ಕಳಿಸಿದ ಜಿಲ್ಲೆ ನಮ್ಮದು. ನಮ್ಮ ಮಕ್ಕಳಿಗೆ ಬೆಳಗಿನ ಹತ್ತು ಕಿಲೋಮೀಟರ್ ದಾರಿ ಸಿಗಬಾರದಾ?

ಅಂಜಿಕೆ ನನಗೂ ಇದೆ. ಕೆನಾಲ್ ಆಳ, ನೀರು ಬಿಟ್ಟಾಗ ಸೆಳೆತ ಜೋರು. ಅದಕ್ಕೇ ಮಕ್ಕಳು ಮೊದಲೇ ಬೇಡ. ಮೊದಲು ನಾವಿಬ್ಬರೇ ಹೋಗಿ ನೋಡೋಣ. ಎಲ್ಲಿ ದಂಡೆ ಕುಸಿದಿದೆ, ಎಲ್ಲಿ ದಾರಿ ಅಗಲ ಇದೆ, ನೀರಿನಿಂದ ಎಷ್ಟು ದೂರ ಇದೆ, ಎಲ್ಲಾ ಬರೆದುಕೊಳ್ಳೋಣ. ಇಲಾಖೆಯವರನ್ನೂ ಒಂದು ಮಾತು ಕೇಳಿ ಇಡು.

ಬರುವ ಭಾನುವಾರ ಬೆಳಿಗ್ಗೆ ಆರಕ್ಕೆ ನಿಮ್ಮ ಮನೆ ಮುಂದೆ ಇರುತ್ತೇನೆ. ವೈನಿಯವರಿಗೆ ನಾಷ್ಟಾ ಮಾಡುವ ತ್ರಾಸು ಬೇಡ ಅನ್ನು, ರೊಟ್ಟಿ ಬುತ್ತಿ ನಾನೇ ತರುತ್ತೇನೆ. ಆ ಕಡೆ ಜಾಲಿಮುಳ್ಳು ಜಾಸ್ತಿ. ಪಂಕ್ಚರ್ ಸಾಮಾನು ಮತ್ತು ಪಂಪು ನೀನು ತಗೋ.

ನಿನ್ನ ದೋಸ್ತ