ಬೆಂಕಿಗೆ ಇಳಿಯುವ ತಂಡದ ಮುಂದಾಳಿಗೆ ಹಿಂದೆ ಸರಿಯುವ ಅಧಿಕಾರ ಕೊಡಿ

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಸಿ ಕೊಡಗಿನ ಬೆಳೆಗಾರರೆಲ್ಲ ಕಾಫಿ ಹೂ ಅರಳಿಸುವ ಹೂಮಳೆಗಾಗಿ ಮುಗಿಲು ನೋಡುವ ಫೆಬ್ರುವರಿ ಮತ್ತು ಮಾರ್ಚ್ ತಿಂಗಳುಗಳೇ ಇಲ್ಲಿನ ಕಾಡಿಗೆ ಬೆಂಕಿಯ ತಿಂಗಳುಗಳೂ ಹೌದು. ಪ್ರತಿ ವರ್ಷ ಈ ಹೊತ್ತಿಗೆ ಎಷ್ಟು ಎಕರೆ ಸುಟ್ಟಿತು, ಬೆಂಕಿ ಇಟ್ಟವರು ಯಾರು, ಬೆಂಕಿ ಹರಡದಂತೆ ಮೊದಲೇ ತೆರವುಮಾಡುವ ಪಟ್ಟಿಯಾದ ಬೆಂಕಿ ರೇಖೆಯನ್ನು ಸರಿಯಾಗಿ ಮಾಡಿದ್ದರೇ ಎಂಬ ಪ್ರಶ್ನೆಗಳು ಪತ್ರಿಕೆಗಳಲ್ಲಿ ಬರುತ್ತವೆ, ಬರಲೂಬೇಕು. ಆದರೆ ಬೆಂಕಿ ಆರಿಸಲು ಹೋದವರನ್ನು ಕರೆದುಕೊಂಡು ಹೋದವರು ಯಾರು, ಹೊರಡುವ ಮುನ್ನ ಅವರಿಗೆ ಏನು ಹೇಳಲಾಗಿತ್ತು, ಹೋದವರೆಲ್ಲ ಮರಳಿದರೇ ಎಂಬುದನ್ನು ಯಾರಾದರೂ ಜೀವ ಕಳೆದುಕೊಂಡಾಗ ಮಾತ್ರ ಕೇಳುತ್ತೇವೆ. ಅರಣ್ಯ ಇಲಾಖೆಯಲ್ಲಿ ಕೆಲಸ ಮಾಡಿ, ಉಪ ವಲಯ ಅರಣ್ಯಾಧಿಕಾರಿಯಾಗಿ ನಿವೃತ್ತನಾಗಿ, ಈಗ ದಕ್ಷಿಣ ಕೊಡಗಿನ ಕಾಡಂಚಿನಲ್ಲಿ ಬದುಕುತ್ತಿರುವ ನನಗೆ ಈ ಮೌನ ಸಹಿಸಲಾಗದು. ಆದ್ದರಿಂದ ತಂಡದ ಮುಂದಾಳಿನ ಹೊಣೆ ಮತ್ತು ಅಧಿಕಾರದ ಬಗ್ಗೆಯಷ್ಟೇ ಈ ಪತ್ರ ಬರೆಯುತ್ತಿದ್ದೇನೆ.

ಸಾವುಗಳು ದೂರದಲ್ಲೆಲ್ಲೋ ಆದವಲ್ಲ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿಗೆ ಸಿಲುಕಿ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. 2020ರ ಫೆಬ್ರುವರಿಯಲ್ಲಿ ಕೇರಳದ ತ್ರಿಶೂರ್ ಜಿಲ್ಲೆಯ ಕೊಟ್ಟಂಬತ್ತೂರಿನಲ್ಲಿ ಮೂವರು ವಾಚರುಗಳು, ಅಂದರೆ ಅರಣ್ಯ ಕಾವಲುಗಾರರು, ಸತ್ತರು. 2023ರ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಬಳಿ ಮತ್ತೊಬ್ಬ ಅರಣ್ಯ ರಕ್ಷಕರು ಸುಟ್ಟ ಗಾಯಗಳಿಂದ ಅಸುನೀಗಿದರು, ಜೊತೆಗಿದ್ದವರೂ ಗಾಯಗೊಂಡರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಬಿನ್ಸರ್ ಅಭಯಾರಣ್ಯದಲ್ಲಿ ನಾಲ್ವರು ಸ್ಥಳದಲ್ಲೇ ಪ್ರಾಣ ಬಿಟ್ಟರು. ಇವರೆಲ್ಲರೂ ಇಲಾಖೆಯ ಕೆಳಗಿನ ಮೆಟ್ಟಿಲಲ್ಲಿ ದುಡಿಯುತ್ತಿದ್ದವರು, ಕೆಲವರಂತೂ ದಿನಗೂಲಿಯವರು.

ನಮ್ಮಲ್ಲಿ ಬೆಂಕಿಯ ಮುಂದೆ ನಿಲ್ಲುವ ಮುಂದಾಳು ಸಾಮಾನ್ಯವಾಗಿ ಒಬ್ಬ ಗಸ್ತು ಅರಣ್ಯ ಪಾಲಕ ಅಥವಾ ಉಪ ವಲಯ ಅರಣ್ಯಾಧಿಕಾರಿ. ಅವರ ಹಿಂದೆ ಬೇಸಿಗೆಯ ಮಟ್ಟಿಗೆ ನೇಮಿಸಿಕೊಂಡ ಫೈರ್ ವಾಚರುಗಳಿರುತ್ತಾರೆ. ಅವರಲ್ಲಿ ಹೆಚ್ಚಿನವರು ಜೇನುಕುರುಬ, ಬೆಟ್ಟಕುರುಬ, ಯರವ ಬುಡಕಟ್ಟುಗಳ ಹಾಡಿಗಳ (ಸಣ್ಣ ವಸತಿಗಳ) ಯುವಕರು. ವಲಯ ಕಚೇರಿಯಿಂದ ಬರುವ ಆದೇಶ ಬಹುತೇಕ ಒಂದೇ: ಬೇಗ ಹೋಗಿ, ಆರಿಸಿ, ಫೋಟೊ ಕಳುಹಿಸಿ. ಯಾವ ಸ್ಥಿತಿಯಲ್ಲಿ ತಂಡವನ್ನು ಹಿಂದಕ್ಕೆ ಕರೆಯಬಹುದು ಎಂಬುದನ್ನು ಯಾರೂ ಬರೆದು ಕೊಟ್ಟಿರುವುದಿಲ್ಲ. ಹಿಂದೆ ಸರಿದು ನಾಲ್ಕು ಎಕರೆ ಹೆಚ್ಚು ಸುಟ್ಟರೆ ನಾಳೆ ಕಾರಣ ಕೇಳುವ ನೋಟಿಸ್ ಬರಬಹುದೆಂಬ ಅಂಜಿಕೆ ಆ ಯುವ ನೌಕರನ ತಲೆಯಲ್ಲಿ ಸದಾ ಇರುತ್ತದೆ. ಅದೇ ಅಂಜಿಕೆ ಅವನ ತಂಡವನ್ನು ಹೋಗಬಾರದ ಇಳಿಜಾರಿಗೆ ತಳ್ಳುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇಳಿಜಾರಿನ ಮಾತನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಕೊಡಗಿನಲ್ಲಿ ಸಮತಟ್ಟಾದ ಕಾಡು ಕಡಿಮೆ. ಬೆಂಕಿ ಏರುಮುಖವಾಗಿ ಹೋಗುವಾಗ ಇಳಿಜಾರು 10 ಡಿಗ್ರಿ ಹೆಚ್ಚಿದರೆ ಅದರ ವೇಗ ಸುಮಾರು ಇಮ್ಮಡಿಯಾಗುತ್ತದೆ. ಅದೇ ಏರಿನಲ್ಲಿ ಓಡುವ ಮನುಷ್ಯನ ವೇಗ ಅರ್ಧಕ್ಕಿಳಿದು, ಉಸಿರು ಕಟ್ಟುತ್ತದೆ. ಹಗಲಿನಲ್ಲಿ ಬಿಸಿಲೇರಿದಂತೆ ಗಾಳಿಯೂ ಕಣಿವೆಯಿಂದ ಮೇಲಕ್ಕೆ ಬೀಸುವುದರಿಂದ ಮಧ್ಯಾಹ್ನ 12ರಿಂದ 4ರವರೆಗಿನ ಹೊತ್ತಿನಲ್ಲಿ ಬೆಂಕಿಯ ಮೇಲ್ಬದಿಯಲ್ಲಿ ನಿಲ್ಲುವುದೆಂದರೆ ಅದರ ದಾರಿಯಲ್ಲೇ ನಿಂತಂತೆ. ತಡಿಯಂಡಮೋಳ್, ಬ್ರಹ್ಮಗಿರಿ, ಪುಷ್ಪಗಿರಿಗಳ ಒಣಹುಲ್ಲಿನ ಇಳಿಜಾರುಗಳಲ್ಲಿ ಈ ಲೆಕ್ಕ ಅತ್ಯಂತ ಕ್ರೂರವಾಗಿ ನಿಜವಾಗುತ್ತದೆ. ನಾಗರಹೊಳೆ, ತಿತಿಮತಿ, ಮತ್ತಿಗೋಡು ಕಡೆಯ ಎಲೆ ಉದುರುವ ಕಾಡಿನ ಕಥೆಯೇ ಬೇರೆ. ಅಲ್ಲಿ ತೇಗದ ದೊಡ್ಡ ಎಲೆಗಳು ನೆಲದಲ್ಲಿ ಹಾಸಿರುತ್ತವೆ, ಲಂಟಾನದ ಪೊದೆ ನೆಲದ ಬೆಂಕಿಯನ್ನು ಆಳೆತ್ತರಕ್ಕೆ ಏರಿಸುತ್ತದೆ, ಒಣಗಿದ ಬಿದಿರು ಸಿಡಿದು ಕಿಡಿಯನ್ನು ಬೆಂಕಿ ರೇಖೆಯ ಆಚೆಗೆ ಎಸೆಯುತ್ತದೆ. ಹುಲ್ಲಿನಲ್ಲಿ ಬೆಂಕಿ ಎದುರಿಗೆ ಕಾಣುತ್ತದೆ, ಆದರೆ ಓಡಲು ಸಮಯ ಸಿಗುವುದಿಲ್ಲ. ಲಂಟಾನದಲ್ಲಿ ಸಮಯವಿದ್ದರೂ ಬೆಂಕಿ ಬೆನ್ನ ಹಿಂದೆ ಹೊತ್ತಿಕೊಂಡದ್ದು ಕಾಣುವುದಿಲ್ಲ. ಇವೆರಡರ ವ್ಯತ್ಯಾಸ ತಿಳಿಯದವರ ಕೈಗೆ ತಂಡವನ್ನು ಒಪ್ಪಿಸಬಾರದು.

ಈ ಪಾಠಗಳನ್ನು ಬೇರೆ ದೇಶಗಳು ಜೀವ ತೆತ್ತು ಕಲಿತಿವೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ರಾಜ್ಯದ ಮ್ಯಾನ್ ಗಲ್ಚ್ ಎಂಬ ಕಣಿವೆಯಲ್ಲಿ ಹುಲ್ಲಿನ ಏರಿನ ಮೇಲೆ ಬೆಂಕಿ ಅಟ್ಟಿಸಿಕೊಂಡು ಬಂದಾಗ ತಂಡದ ಮುಂದಾಳು ವ್ಯಾಗ್ನರ್ ಡಾಡ್ಜ್ ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿ, ಅದು ಸುಟ್ಟು ಕರಿಯಾದ ಜಾಗದಲ್ಲಿ ಬೋರಲಾಗಿ ಮಲಗಿ ಬದುಕಿಕೊಂಡ. ಎಲ್ಲರೂ ಇದರೊಳಗೆ ಬನ್ನಿ ಎಂದು ಅವನು ಕೂಗಿದರೂ ಯಾರೂ ಬರಲಿಲ್ಲ. 13 ಮಂದಿ ಸತ್ತರು. ಎದುರಿಗೆ ಬೆಂಕಿ ಹಚ್ಚುತ್ತಿರುವವನ ಮಾತನ್ನು ಅವರು ನಂಬುವುದಾದರೂ ಹೇಗೆ? ಆ ಉಪಾಯವನ್ನು ಅವರಿಗೆ ಯಾರೂ ಮೊದಲು ಹೇಳಿಕೊಟ್ಟಿರಲಿಲ್ಲ, ಅವರಲ್ಲಿ ಅನೇಕರು ಆ ಮುಂದಾಳಿನ ಕೈಕೆಳಗೆ ಹಿಂದೆ ದುಡಿದವರೂ ಅಲ್ಲ. ಬೇಸಿಗೆಗೊಮ್ಮೆ ಹೊಸ ವಾಚರುಗಳನ್ನು ಸೇರಿಸಿ, ಹೆಸರು ತಿಳಿಯುವ ಮೊದಲೇ ಕಾಡಿಗೆ ಕಳುಹಿಸುವ ನಮ್ಮ ಪದ್ಧತಿಗೆ ಈ ಘಟನೆ ನೇರವಾಗಿ ಅನ್ವಯಿಸುತ್ತದೆ. ಆದೇಶ ಸರಿಯಾಗಿದ್ದರೆ ಸಾಲದು, ಅದು ಅರ್ಥವಾಗುವಂತೆ ಮತ್ತು ನಂಬುವಂತೆ ತಂಡವನ್ನು ಮೊದಲೇ ಸಿದ್ಧಮಾಡಿರಬೇಕು.

1957ರಲ್ಲಿ ಅಮೆರಿಕದ ಅರಣ್ಯ ಸೇವೆಯ ಒಂದು ಕಾರ್ಯಪಡೆ ಅದಕ್ಕೆ ಹಿಂದಿನ 20 ವರ್ಷಗಳ 16 ದುರಂತಗಳನ್ನು ಪರಿಶೀಲಿಸಿದ ಮೇಲೆ ಬೆಂಕಿಗೆ ಇಳಿಯುವವರು ಪಾಲಿಸಬೇಕಾದ 10 ನಿಯಮಗಳು ರೂಪುಗೊಂಡವು. ಅಷ್ಟಾದರೂ 1994ರ ಜುಲೈ 6ರಂದು ಕೊಲರಾಡೊದ ಸ್ಟಾರ್ಮ್ ಕಿಂಗ್ ಬೆಟ್ಟದಲ್ಲಿ 14 ಮಂದಿ ಸತ್ತರು. ಗಾಳಿ ಜೋರಾಗಲಿದೆ ಎಂಬ ಹವಾಮಾನ ಮುನ್ಸೂಚನೆ ಇದ್ದರೂ ಅದು ಬೆಟ್ಟದ ಮೇಲಿದ್ದವರಿಗೆ ತಲುಪಿರಲಿಲ್ಲ. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ ನುರಿತ ತಂಡವೊಂದರ 19 ಮಂದಿ, ಈಗಾಗಲೇ ಸುಟ್ಟಿದ್ದ ಸುರಕ್ಷಿತ ಜಾಗವನ್ನು ಬಿಟ್ಟು ಸುಡದ ಪೊದೆಗಳ ನಡುವೆ ಇಳಿದು ಬಂದಾಗ ಗಾಳಿ ದಿಕ್ಕು ಬದಲಿಸಿತು. ಆ ತಂಡದಲ್ಲಿ ಬದುಕುಳಿದವನು ದೂರದಲ್ಲಿ ಕಾವಲಿಗೆ ನಿಂತಿದ್ದ ಒಬ್ಬನೇ. ತರಬೇತಿ, ಬೂಟು, ವೈರ್‌ಲೆಸ್ ಎಲ್ಲ ಇದ್ದವರಿಗೇ ಹೀಗಾಗುವುದಾದರೆ, ಹವಾಯಿ ಚಪ್ಪಲಿಯಲ್ಲಿ ಹೋಗುವ ನಮ್ಮ ಹುಡುಗರ ಪಾಡೇನು?

ಪಾಲ್ ಗ್ಲೀಸನ್ ಎಂಬ ಅನುಭವಿ ತಂಡದ ಮುಖ್ಯಸ್ಥರು 1991ರಲ್ಲಿ ಆ ನಿಯಮಗಳ ಸಾರವನ್ನು ನಾಲ್ಕೇ ವಿಷಯಗಳಿಗೆ ಇಳಿಸಿದರು: ಕಾವಲು ನಿಲ್ಲುವವರು, ಪರಸ್ಪರ ಸಂಪರ್ಕ, ತಪ್ಪಿಸಿಕೊಳ್ಳುವ ದಾರಿ, ತಲುಪಬೇಕಾದ ಸುರಕ್ಷಿತ ಜಾಗ. ಇವು ನಾಲ್ಕೂ ಖಚಿತವಾಗದೆ ಕೆಲಸ ಶುರುಮಾಡಬಾರದು. ಹೆಲಿಕಾಪ್ಟರ್ ಇಲ್ಲ, ಸಾಕಷ್ಟು ಅನುದಾನ ಇಲ್ಲ ಎನ್ನುವವರಿಗೆ ನಾನು ಹೇಳುವುದು ಇಷ್ಟೇ: ಈ ನಾಲ್ಕರಲ್ಲಿ ಮೂರಕ್ಕೆ ಹೆಚ್ಚು ಹಣ ಬೇಕಿಲ್ಲ.

ನಾಗರಹೊಳೆಯ ಕಾಡಿನಲ್ಲಿ ಸುರಕ್ಷಿತ ಜಾಗ ಎಂದರೆ ಯಾವುದು? ಕೆರೆಯ ಅಂಗಳ, ಜಾನುವಾರು ಜಿಂಕೆಗಳು ಮೇಯ್ದು ಹುಲ್ಲು ಗಿಡ್ಡವಾಗಿ, ನೆಲ ತೇವವಾಗಿರುವ ಹಡ್ಲು (ಕಾಡಿನ ನಡುವಿನ ತಗ್ಗು ಹುಲ್ಲುಗಾವಲು), ಡಿಸೆಂಬರ್‌ನಲ್ಲೇ ಸುಟ್ಟ ಅಗಲವಾದ ಬೆಂಕಿ ರೇಖೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಂಕಿ ಪೂರ್ತಿ ಸುಟ್ಟು ಮುಂದೆ ಹೋದ ಕರಿನೆಲ. ಆದರೆ ಪ್ರತಿ ಹಡ್ಲೂ ಪ್ರತಿ ವರ್ಷ ಒಂದೇ ರೀತಿ ಇರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಎದೆಯೆತ್ತರದ ಒಣಹುಲ್ಲು ನಿಂತ ಹಡ್ಲು ಆಶ್ರಯವಲ್ಲ, ಅದೇ ಅಪಾಯದ ಜಾಗ. ಈ ವರ್ಷ ಯಾವ ಹಡ್ಲು ಹಸಿ, ಯಾವ ಕೆರೆ ಬತ್ತಿದೆ, ಆನೆ ದಾರಿ ಎಲ್ಲಿ ಲಂಟಾನದಲ್ಲಿ ಮುಚ್ಚಿಹೋಗಿದೆ ಎಂಬುದು ಕಚೇರಿಯ ನಕ್ಷೆಗಿಂತ ಹಾಡಿಯ ವಾಚರಿಗೆ ಚೆನ್ನಾಗಿ ಗೊತ್ತಿರುತ್ತದೆ. ಅವನನ್ನು ಕೇಳಿ ದಾರಿ ಗೊತ್ತುಮಾಡಿಕೊಳ್ಳುವುದು ಮುಂದಾಳಿನ ಕರ್ತವ್ಯ. ಅಂಥವನ ಕೈಗೆ ಬೆಂಕಿ ಬಡಿಯುವ ಹಸಿ ಸೊಪ್ಪು ಕೊಟ್ಟು ಸಾಲಿನ ತುದಿಯಲ್ಲಿ ನಿಲ್ಲಿಸುವುದು ತಿಳಿವಳಿಕೆಯನ್ನು ವ್ಯರ್ಥಮಾಡಿದಂತೆ.

ಸಂಪರ್ಕದ ವಿಷಯದಲ್ಲಿ ಮಾತ್ರ ಖರ್ಚು ತಪ್ಪದು. ಬ್ರಹ್ಮಗಿರಿಯ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ನಂಬಿ ಜನರನ್ನು ಕಳುಹಿಸುವುದು ತಪ್ಪು. ತಂಡಕ್ಕೆ ಕನಿಷ್ಠ ಎರಡು ವಾಕಿಟಾಕಿ ಬೇಕು, ಒಂದು ಮುಂದಾಳಿನ ಬಳಿ, ಇನ್ನೊಂದು ಎದುರು ಬೆಟ್ಟದಲ್ಲೋ ಎತ್ತರದ ಬಂಡೆಯ ಮೇಲೋ ಕಾವಲು ನಿಂತವನ ಬಳಿ. ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯಿಂದ ಉಪಗ್ರಹದ ಎಚ್ಚರಿಕೆ ಸಂದೇಶಗಳು ಬರುತ್ತಿರುವುದು ದೊಡ್ಡ ಅನುಕೂಲವೇ ಸರಿ. ಆದರೆ ಅವುಗಳಲ್ಲಿ ಸೂಕ್ಷ್ಮವಾದ ಸಂವೇದಕದ ಒಂದು ಚುಕ್ಕಿ ಕೂಡ 375 ಮೀಟರ್ ಅಗಲದ ಚೌಕವನ್ನು ಸೂಚಿಸುತ್ತದೆ, ಅದೂ ಉಪಗ್ರಹ ಹಾದುಹೋದ ಹೊತ್ತಿನ ಸ್ಥಿತಿ. ಈಗ ಬೆಂಕಿಯ ತಲೆ, ಅಂದರೆ ಅದು ಮುನ್ನುಗ್ಗುವ ತುದಿ, ಯಾವ ಕಡೆಗಿದೆ ಎಂಬುದನ್ನು ಕಾವಲುಗಾರನ ಕಣ್ಣೇ ಹೇಳಬೇಕು.

ನನ್ನ ಸೇವೆಯ ಕಾಲದಲ್ಲಿ ಹಿರಿಯ ಫಾರೆಸ್ಟರ್ ಒಬ್ಬರ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಜೀಪಿನಿಂದ ಇಳಿದ ಕೂಡಲೇ ಅವರು ಬೆಂಕಿಯ ಕಡೆ ನಡೆಯುತ್ತಿರಲಿಲ್ಲ. ಮೊದಲು ಒಂದು ಹಿಡಿ ಒಣ ಮಣ್ಣನ್ನು ಎದೆಯೆತ್ತರದಿಂದ ಸುರಿದು ಗಾಳಿ ನೋಡುತ್ತಿದ್ದರು. ತೇಗದ ಎಲೆಯೊಂದನ್ನು ಮುಷ್ಟಿಯಲ್ಲಿ ಹಿಸುಕಿ, ಅದು ಬಾಗಿತೇ ಪುಡಿಯಾಯಿತೇ ಎಂದು ಎಲ್ಲರಿಗೂ ತೋರಿಸುತ್ತಿದ್ದರು. ಹೆಸರು ಕೂಗಿ ತಲೆ ಎಣಿಸಿ, ಆ ಸಂಖ್ಯೆಯನ್ನು ತಂಡದ ಅತ್ಯಂತ ಕಿರಿಯನ ಬಾಯಿಂದ ಗಟ್ಟಿಯಾಗಿ ಹೇಳಿಸುತ್ತಿದ್ದರು. ಬಳಿಕ ಅವನನ್ನೇ, “ಮಗಾ, ಬೆಂಕಿ ತಿರುಗಿದ್ರೆ ಎಲ್ಲಿಗೆ ಓಡ್ತೀಯ?” ಎಂದು ಕೇಳುತ್ತಿದ್ದರು. ಅವನು ಕೈ ತೋರಿಸಿ ಉತ್ತರಿಸುವವರೆಗೆ ಯಾರೂ ಹೆಜ್ಜೆ ಇಡುವಂತಿರಲಿಲ್ಲ. ಕೆಲಸವನ್ನು ಯಾವಾಗಲೂ ರಸ್ತೆ ಅಥವಾ ಸುಟ್ಟ ನೆಲದ ತುದಿಯಿಂದಲೇ ಆರಂಭಿಸಿ, ಬೆಂಕಿಯ ಬದಿಯಿಂದ ಮುಂದುವರಿಯುತ್ತಿದ್ದರು, ತಲೆಯ ಎದುರಿಗೆ ಎಂದೂ ಜನರನ್ನು ನಿಲ್ಲಿಸಲಿಲ್ಲ. ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಯ ಮುಂದಿನ ಉರುವಲನ್ನು ತಾವೇ ಮೊದಲು ಸುಟ್ಟುಬಿಡುವ ತೀರ್ಮಾನ ಅವರೊಬ್ಬರದೇ, ಅದನ್ನು ಕೊಡುವ ಮುನ್ನ ಎಲ್ಲರೂ ಎಲ್ಲಿದ್ದಾರೆಂದು ಮತ್ತೊಮ್ಮೆ ಎಣಿಕೆ. ಇದಕ್ಕೆಲ್ಲ ಹತ್ತು ನಿಮಿಷ ಹಿಡಿಯುತ್ತಿತ್ತು.

ಇದಕ್ಕೆ ವಿರುದ್ಧವಾದ ದೃಶ್ಯವನ್ನು ನಿವೃತ್ತಿಯ ನಂತರ ಒಂದು ಕಾಡಿನ ಗೇಟಿನ ಬಳಿ ಕಂಡೆ. ಪಿಕಪ್ ವಾಹನದಿಂದ ಇಳಿದ ಹುಡುಗರ ಮೈಮೇಲೆ ಪಾಲಿಯೆಸ್ಟರ್ ಟೀ ಶರ್ಟ್, ಕಾಲಲ್ಲಿ ರಬ್ಬರ್ ಚಪ್ಪಲಿ, ಎಲ್ಲರಿಗೂ ಸೇರಿ ಒಂದು ಕ್ಯಾನ್ ನೀರು. ಮೂವರು ಒಂದು ದಾರಿ ಹಿಡಿದರು, ಉಳಿದವರು ಇನ್ನೊಂದು ದಾರಿಯಲ್ಲಿ ಹೋದರು, ಯಾರೂ ಎಣಿಸಲಿಲ್ಲ. ಪಾಲಿಯೆಸ್ಟರ್ ಬಿಸಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ ಎಂಬುದನ್ನೂ, ಮೂಗಿಗೆ ಕಟ್ಟಿದ ಒದ್ದೆ ಬಟ್ಟೆ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತಡೆಯುವುದಿಲ್ಲ ಎಂಬುದನ್ನೂ ಅವರಿಗೆ ಯಾರಾದರೂ ಹೇಳಿದ್ದರೋ ಇಲ್ಲವೋ. ದಪ್ಪ ಹತ್ತಿಯ ತುಂಬುತೋಳಿನ ಅಂಗಿ, ಚರ್ಮದ ಬೂಟು, ತಲೆಗೊಂದು ಹೆಲ್ಮೆಟ್ ಕೊಡುವುದು ಈ ರಾಜ್ಯಕ್ಕೆ ಭಾರವಾಗಲಾರದು.

ಸ್ವಯಂಸೇವಕರ ಬಗ್ಗೆಯೂ ಒಂದು ಮಾತು. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ನಗರಗಳಿಂದ ಅನೇಕರು ನೆರವಿಗೆ ಧಾವಿಸಿದರು. ಅವರ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೆ ಕಾಡು ತಿಳಿಯದ ಹತ್ತು ಮಂದಿಯನ್ನು ಬೆಂಕಿಯ ಸಾಲಿಗೆ ಸೇರಿಸಿದರೆ ಮುಂದಾಳು ಬೆಂಕಿಯನ್ನು ಬಿಟ್ಟು ಅವರನ್ನೇ ಕಾಯಬೇಕಾಗುತ್ತದೆ. 2018ರ ಮಾರ್ಚ್ 11ರಂದು ತಮಿಳುನಾಡಿನ ಕುರಂಗಣಿ ಬೆಟ್ಟದಲ್ಲಿ ಬೆಂಕಿಗೆ ಸಿಕ್ಕಿದ ಚಾರಣಿಗರಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತದ್ದು, ಹುಲ್ಲಿನ ಬೆಟ್ಟದಲ್ಲಿ ದಿಕ್ಕು ತಪ್ಪಿದವರ ಗತಿ ಏನಾಗುತ್ತದೆ ಎಂಬುದನ್ನು ತೋರಿಸಿದೆ. ನೀರು, ಊಟ, ವಾಹನ, ರಸ್ತೆ ಬದಿಯ ಕಾವಲು ಇವೆಲ್ಲ ಸ್ವಯಂಸೇವಕರಿಗೆ ಕೊಡಬಹುದಾದ ಕೆಲಸಗಳು. ಅವರನ್ನು ಸಾಲಿಗೆ ಬಿಡುವುದಿಲ್ಲ ಎನ್ನುವ ಮುಂದಾಳನ್ನು, ಕರೆತಂದವರು ಎಷ್ಟೇ ಪ್ರಭಾವಿಗಳಾಗಿದ್ದರೂ, ಮೇಲಧಿಕಾರಿಗಳು ಬೆಂಬಲಿಸಬೇಕು.

ಬೆಂಕಿ ಆರಿದ ಮೇಲೂ ಹೊಣೆ ಮುಗಿಯುವುದಿಲ್ಲ. ಬುಡ ಸುಟ್ಟು ನಿಂತ ಮರಗಳು ಸದ್ದಿಲ್ಲದೆ ಬೀಳುವುದು, ಕೊಳ್ಳಿಗಳು ಸಂಜೆಯ ಗಾಳಿಗೆ ಮತ್ತೆ ಹೊತ್ತಿಕೊಳ್ಳುವುದು, ದಣಿದವರು ಆನೆ ಇರುವ ದಾರಿಯಲ್ಲಿ ಕತ್ತಲಲ್ಲಿ ಮರಳುವುದು, ಇವೆಲ್ಲ ನಡೆಯುವುದು ಆಗಲೇ. ಎಲ್ಲರೂ ಮರಳಿದ ಮರುದಿನ ತಂಡವನ್ನು ಕೂರಿಸಿ, ಏನು ಅಂದುಕೊಂಡಿದ್ದೆವು, ಏನಾಯಿತು, ಎಲ್ಲಿ ಕೂದಲೆಳೆಯಲ್ಲಿ ಪಾರಾದೆವು ಎಂದು ವಾಚರುಗಳಿಂದಲೇ ಮೊದಲು ಹೇಳಿಸಿ ಬರೆದಿಡುವ ಪದ್ಧತಿ ನಮ್ಮಲ್ಲಿ ಇಲ್ಲವೆಂದೇ ಹೇಳಬೇಕು. ಸುಟ್ಟ ಎಕರೆಯ ಲೆಕ್ಕ ಮಾತ್ರ ಕಡತಕ್ಕೆ ಹೋಗುತ್ತದೆ. ಸ್ವಲ್ಪದರಲ್ಲಿ ತಪ್ಪಿದ ಸಾವಿನ ವಿವರವನ್ನು ಹೇಳಿದವನಿಗೆ ಶಿಕ್ಷೆಯಾಗದು ಎಂಬ ಭರವಸೆ ಇದ್ದರೆ ಮಾತ್ರ ಅಂಥ ವಿವರ ಹೊರಬರುತ್ತದೆ.

ಆದ್ದರಿಂದ ಮಡಿಕೇರಿ ಮತ್ತು ವಿರಾಜಪೇಟೆ ಅರಣ್ಯ ವಿಭಾಗಗಳು ಹಾಗೂ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದ ಅಧಿಕಾರಿಗಳಲ್ಲಿ ನನ್ನ ವಿನಂತಿ ಇದು. ಮುಂದಿನ ಬೇಸಿಗೆಗೆ ಮುನ್ನ, ಡಿಸೆಂಬರ್ ಮುಗಿಯುವುದರೊಳಗೆ, ಪ್ರತಿ ತಂಡದ ಮುಂದಾಳು ಯಾರೆಂದು ಗೊತ್ತುಮಾಡಿ, ಅವರನ್ನು ಅವರವರ ವಾಚರುಗಳೊಂದಿಗೇ ತರಬೇತಿಗೆ ಕಳುಹಿಸಬೇಕು. ದಿನಗೂಲಿ ವಾಚರುಗಳೂ ಸೇರಿದಂತೆ ಎಲ್ಲರಿಗೂ ಮೊದಲ ದಿನದಿಂದಲೇ ವಿಮೆ ಅನ್ವಯಿಸಬೇಕು. ಕಾವಲು, ಸಂಪರ್ಕ, ದಾರಿ, ಸುರಕ್ಷಿತ ಜಾಗ ಇವು ನಾಲ್ಕರಲ್ಲಿ ಒಂದು ಇಲ್ಲವಾದರೂ ತಂಡವನ್ನು ಹಿಂದಕ್ಕೆ ಕರೆಯುವ ಅಧಿಕಾರ ಮುಂದಾಳಿಗೆ ಇದೆ, ಅದಕ್ಕಾಗಿ ಅವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವುದಿಲ್ಲ ಎಂಬ ಲಿಖಿತ ಆದೇಶವನ್ನು ಕನ್ನಡದಲ್ಲಿ ಹೊರಡಿಸಿ, ಪ್ರತಿ ಕಳ್ಳಬೇಟೆ ತಡೆ ಶಿಬಿರದ ಗೋಡೆಯ ಮೇಲೆ ಅಂಟಿಸಬೇಕು.

ತಮ್ಮ ವಿಶ್ವಾಸಿ,
ನಿವೃತ್ತ ಉಪ ವಲಯ ಅರಣ್ಯಾಧಿಕಾರಿ,
ಪೊನ್ನಂಪೇಟೆ ತಾಲ್ಲೂಕು, ಕೊಡಗು