ಗೆಳೆಯನಿಗೊಂದು ಪತ್ರ: ನಮ್ಮ ಮಳೆಗೆ ಒಗ್ಗುವ ಚಾಕು

ಮಂಗಳೂರು
ಜುಲೈ, ಭಾನುವಾರ ಬೆಳಿಗ್ಗೆ

ಪ್ರೀತಿಯ ಗೆಳೆಯಾ,

ಜೇಬಿಗೆ ಮೊದಲ ಚಾಕು ಯಾವುದು ತೆಗೆದುಕೊಳ್ಳಲಿ ಅಂತ ಕೇಳಿ ನೀನು ಕಳುಹಿಸಿದ ಮೂರು ಚಾಕುಗಳ ಫೋಟೊ ನೋಡಿದೆ. ನಿನ್ನೆ ರಾತ್ರಿ ಇಲ್ಲಿ ಕರೆಂಟ್ ಇರಲಿಲ್ಲ. ಹಂಚಿನ ಮೇಲೆ ಮಳೆ ಒಂದೇ ಸಮನೆ ಬಡಿಯುತ್ತಿತ್ತು. ಮಲಗಿಕೊಂಡು ಮೂರನ್ನೂ ಮತ್ತೆ ಮತ್ತೆ ನೋಡಿದೆ. ಮೂರೂ ಚೆಂದ ಉಂಟು. ಆದರೆ ಮೊದಲ ಚಾಕು ಅಂತ ಮೂರರಲ್ಲಿ ಯಾವುದನ್ನೂ ತೆಗೆದುಕೊಳ್ಳಬೇಡ ಮಾರಾಯ. ಯಾಕೆ ಅಂತ ಫೋನಿನಲ್ಲಿ ಹೇಳಲು ಹೊರಟರೆ ಅರ್ಧ ಬಿಟ್ಟುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಇದೇ ಪ್ರಶ್ನೆಯನ್ನು ಇನ್ನೂ ಇಬ್ಬರು ಕೇಳಿದ್ದರು. ಹಾಗಾಗಿ ಎಲ್ಲರೂ ಓದುವಲ್ಲಿ ಹಾಕುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ನನ್ನ ಅಜ್ಜನ ಎಲೆಯಡಿಕೆ ಸಂಚಿಯಲ್ಲಿ ಒಂದು ಪುಟ್ಟ ಪೀಶಕತ್ತಿ ಇರುತ್ತಿತ್ತು. ಊರಿನ ಆಚಾರಿ ತಟ್ಟಿ ಕೊಟ್ಟದ್ದು. ಮಸೆದು ಮಸೆದು ಅಲಗು ಸಪೂರವಾಗಿತ್ತು. ಅಡಿಕೆ ಕೆರೆಯುವುದು, ವೀಳ್ಯದೆಲೆಯ ತೊಟ್ಟು ತೆಗೆಯುವುದು, ಬಾಳೆಯ ನಾರು ಸೀಳುವುದು, ನಮಗೆ ಪೇರಳೆ ಹೆಚ್ಚಿ ಕೊಡುವುದು, ಎಲ್ಲಕ್ಕೂ ಅದೇ. ಮನೆಯಲ್ಲಿ ದೊಡ್ಡ ಕತ್ತಿ ಇತ್ತು, ಅಡಿಕೆ ಸುಲಿಯುವ ಮೆಟ್ಟುಕತ್ತಿಯೂ ಇತ್ತು. ಆದರೂ ಅಜ್ಜನ ಕೈ ದಿನಕ್ಕೆ ಇಪ್ಪತ್ತು ಸಲ ಹೋಗುತ್ತಿದ್ದದ್ದು ಆ ಸಂಚಿಗೆ. ಅದು ಯಾವಾಗಲೂ ಅಲ್ಲೇ ಇರುತ್ತಿತ್ತು, ಯಾವಾಗಲೂ ಹರಿತವಾಗಿರುತ್ತಿತ್ತು, ಅಷ್ಟೆ. ಜೇಬಿಗೆ ಒಂದು ಚಾಕು ಅಂತ ಯಾರಾದರೂ ಹೇಳಿದರೆ ನನಗೆ ನೆನಪಾಗುವುದು ಅದೇ.

ಈಗ ನಿನ್ನ ಮೊದಲ ಫೋಟೊ. ಒಪಿನೆಲ್ 8ನೇ ನಂಬರು, ಕಾರ್ಬನ್ ಸ್ಟೀಲ್. ಇದರ ಬಗ್ಗೆ ಬರೆಯುವಾಗ ನನ್ನ ಮನಸ್ಸು ಮೆತ್ತಗಾಗುತ್ತದೆ, ಯಾಕೆಂದರೆ ನನ್ನ ಮೊದಲ ಮಡಚುವ ಚಾಕು ಇದೇ. 1890ರಲ್ಲಿ ಫ್ರಾನ್ಸಿನ ಸವೋಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ ಎಂಬಾತ ಇದನ್ನು ಮಾಡಿದ. ರೈತರು, ದನ ಕಾಯುವವರು ಜೇಬಿನಲ್ಲಿ ಇಟ್ಟುಕೊಳ್ಳುವ ಅಗ್ಗದ ಚಾಕು. ಒಂದು ಮರದ ಹಿಡಿ, ಒಂದು ಅಲಗು, ಒಂದು ಕೀಲು. ಅಲಗು ಕೈ ಮೇಲೆ ಮಡಚಿಕೊಳ್ಳದ ಹಾಗೆ ತಿರುಗಿಸಿ ಬಿಗಿಮಾಡುವ ಉಂಗುರ ಬಂದದ್ದು 1955ರಲ್ಲಿ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್. ಅದು ಎಷ್ಟು ತೆಳು ಅಂದರೆ ಮುಂಡಪ್ಪ ಮಾವಿನ ಹಣ್ಣನ್ನು ಕೊಯ್ದರೆ ರಸ ಚೆಲ್ಲುವುದಿಲ್ಲ.

ಆದರೆ ಆ ಚಾಕು ಹುಟ್ಟಿದ್ದು ಆಲ್ಪ್ಸ್ ಬೆಟ್ಟದಲ್ಲಿ, ನಮ್ಮ ಕರಾವಳಿಯ ಮಳೆಯಲ್ಲಲ್ಲ. ನಾನು ತಂದದ್ದು ಫೆಬ್ರವರಿಯಲ್ಲಿ. ಮೇ ತಿಂಗಳವರೆಗೆ ಬೆಣ್ಣೆಯ ಹಾಗೆ ತೆರೆಯುತ್ತಿತ್ತು. ಜೂನ್ ಎರಡನೇ ವಾರ ಮಳೆ ಹಿಡಿಯಿತು ನೋಡು, ಹಿಡಿಯ ಮರ ನೀರು ಕುಡಿದು ಉಬ್ಬಿತು. ಅಲಗು ಒಳಗೇ ಕಚ್ಚಿಕೊಂಡಿತು. ಉಗುರು ಮುರಿದುಕೊಂಡೆ, ತೆರೆಯಲಿಲ್ಲ. ಇದಕ್ಕೆ ಸವೋಯ್‌ನವರದೇ ಒಂದು ಉಪಾಯ ಉಂಟು. ಉಂಗುರ ಸಡಿಲ ಮಾಡಿ, ಹಿಡಿಯ ಹಿಂಬದಿಯನ್ನು ಮೇಜಿನ ಅಂಚಿಗೆ ಒಮ್ಮೆ ಗಟ್ಟಿಯಾಗಿ ಕುಟ್ಟಬೇಕು. ಅಲಗಿನ ಮೊನೆ ತಾನಾಗಿ ಹೊರಗೆ ಬರುತ್ತದೆ. ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಪ್ರತಿ ಸಲ ಮೇಜು ಕುಟ್ಟುತ್ತಾ ಕೂರಲು ಆಗುತ್ತದಾ? ಕೀಲಿನ ಹತ್ತಿರ ಮರವನ್ನು ಉಪ್ಪುಕಾಗದದಲ್ಲಿ ಉಜ್ಜಿದೆ, ಅಗಸೆ ಎಣ್ಣೆ ಕುಡಿಸಿದೆ. ಸ್ವಲ್ಪ ಸರಿಹೋಯಿತು. ಈಗಲೂ ಜೂನ್ ಬಂದರೆ ಅದಕ್ಕೆ ಬಿಗುಮಾನ.

ಇನ್ನು ತುಕ್ಕು. ಕಾರ್ಬನ್ ಸ್ಟೀಲು ಬೇಗ ಹರಿತವಾಗುತ್ತದೆ, ಆ ಬಾಯಿಯ, ಅಂದರೆ ಕೊಯ್ಯುವ ಅಂಚಿನ, ಸುಖವೇ ಬೇರೆ, ಒಪ್ಪುತ್ತೇನೆ. ಆದರೆ ನಮ್ಮದು ಕಡಲ ಗಾಳಿ. ಮಲ್ಪೆಯ ಧಕ್ಕೆ (ಬಂದರು) ಹತ್ತಿರ ಹೊಸ ಸೈಕಲ್ಲಿನ ಚೈನು ಏನಾಗುತ್ತದೆ ಅಂತ ನೀನು ನೋಡಿದವನೇ. ಲಿಂಬೆ ಹೆಚ್ಚಿ ಒರೆಸದೆ ಇಟ್ಟೆ, ಊಟ ಮುಗಿಸಿ ಬರುವುದರೊಳಗೆ ಅಲಗು ಕಪ್ಪು. ಆ ಕಪ್ಪು ಕೆಟ್ಟದ್ದಲ್ಲ, ದಿನ ಹೋದ ಹಾಗೆ ಬೂದು ಬಣ್ಣ ಕೂತು ಅದೇ ಅಲಗನ್ನು ಸ್ವಲ್ಪ ಕಾಯುತ್ತದೆ. ಕೆಂಪು ತುಕ್ಕು ಮಾತ್ರ ಕೆಟ್ಟದ್ದು. ಒದ್ದೆ ಪ್ಯಾಂಟಿನ ಜೇಬಿನಲ್ಲಿ ಒಂದು ರಾತ್ರಿ ಮರೆತರೆ ಸಾಕು, ಬೆಳಿಗ್ಗೆ ಚುಕ್ಕೆ ಚುಕ್ಕೆ ಎದ್ದಿರುತ್ತದೆ. ಮೊದಲ ಚಾಕು ಇಟ್ಟುಕೊಳ್ಳುವವನಿಗೆ ಒರೆಸುವ ಅಭ್ಯಾಸ ಇನ್ನೂ ಕೂತಿರುವುದಿಲ್ಲ. ಕಾರ್ಬನ್ ನಿನ್ನ ಎರಡನೇ ಚಾಕು ಆಗಲಿ. ಸ್ಟೇನ್‌ಲೆಸ್ ಒಪಿನೆಲ್ ಕೂಡ ಸಿಗುತ್ತದೆ, ಆದರೆ ಹಿಡಿ ಅದೇ ಮರ. ತುಕ್ಕಿನ ಚಿಂತೆ ಹೋಗುತ್ತದೆ, ಉಬ್ಬುವ ಚಿಂತೆ ಉಳಿಯುತ್ತದೆ.

ಎರಡನೆಯದು ಆ ಮೂರು ಅಲಗಿನ ಅಮೆರಿಕದ ಸ್ಟಾಕ್‌ಮನ್. ದನ ಸಾಕುವವರಿಗೆಂದು ಬಂದ ವಿನ್ಯಾಸ. ಒಂದು ಅಲಗು ಮೊನೆ ಚೂಪಾಗಿ, ಒಂದು ನೇರ ಬಾಯಿಯದ್ದು, ಇನ್ನೊಂದು ಮೊಂಡು ಮೊನೆಯದ್ದು, ಹೋರಿಗಳ ಬೀಜ ತೆಗೆಯಲು. ನಿನಗೆ ಮಣಿಪಾಲದ ಆಫೀಸಿನಲ್ಲಿ ಅದರಿಂದ ಎಂತ ಕೆಲಸ? ಮೂರು ಅಲಗು ಅಂದರೆ ಜೇಬಿನಲ್ಲಿ ದಪ್ಪ, ಮಸೆಯುವ ಕೆಲಸ ಮೂರು ಪಟ್ಟು, ಬಟ್ಟೆಯ ಧೂಳು ಕೂರುವ ಸಂದು ಜಾಸ್ತಿ.

ಮೂರನೆಯದು, ಅಲಗಿನ ಮೇಲೆ ನೀರಿನ ಅಲೆಯಂಥ ಗೆರೆ ಇರುವ ಡಮಾಸ್ಕಸ್. ಅದನ್ನು ಬಿಟ್ಟುಬಿಡು. ಎರಡು ಬಗೆಯ ಉಕ್ಕನ್ನು ಬೆಸೆದು, ಮಡಿಸಿ, ಆಮ್ಲದಲ್ಲಿ ಅದ್ದಿದಾಗ ಆ ಗೆರೆ ಏಳುತ್ತದೆ. ಒಳ್ಳೆಯ ಕೈಯಲ್ಲಿ ಅದು ದೊಡ್ಡ ವಿದ್ಯೆ. ಆದರೆ ಹಣ್ಣು ಕೊಯ್ಯುವುದು ಗೆರೆಯಲ್ಲ, ಬಾಯಿ. ಬಾಯಿಯ ಗುಣ ಇರುವುದು ಉಕ್ಕನ್ನು ಕಾಯಿಸಿ ತಣಿಸಿ ಕೊಟ್ಟ ಹದದಲ್ಲಿ. ನೀನು ಕಳುಹಿಸಿದ್ದರಲ್ಲಿ ಯಾವ ಉಕ್ಕು ಅಂತ ಒಂದು ಮಾತೂ ಬರೆದಿಲ್ಲ. ಅಂಥದ್ದೇ ಒಂದನ್ನು ನಾನು ಆನ್‌ಲೈನಿನಲ್ಲಿ ತರಿಸಿದ್ದೆ. ಮೂರು ತಿಂಗಳಿಗೆ ಕೀಲು ಸಡಿಲವಾಗಿ ಅಲಗು ಆಚೀಚೆ ಆಡತೊಡಗಿತು. ದುಡ್ಡು ಹೋದದ್ದಕ್ಕಿಂತ, ಅದನ್ನು ಕೈಗೆತ್ತಿಕೊಂಡಾಗ ಆಗುತ್ತಿದ್ದ ಅಸಮಾಧಾನವೇ ಜಾಸ್ತಿ.

ಹಾಗಾದರೆ ಯಾವುದು? ನನ್ನ ಮಾತು ಕೇಳುವುದಾದರೆ ಸ್ಟೇನ್‌ಲೆಸ್ ಅಲಗಿನ, ಮರವಲ್ಲದ ಹಿಡಿಯ, ಬೆನ್ನಿನಲ್ಲಿ ಸ್ಪ್ರಿಂಗ್ ಇರುವ ಸಣ್ಣ ಚಾಕು. ಅಲಗು ಆರು, ಆರೂವರೆ ಸೆಂಟಿಮೀಟರ್ ಇದ್ದರೆ ಸಾಕು. ಒಂದೇ ಹೆಸರು ಹೇಳು ಅಂದರೆ ವಿಕ್ಟೋರಿನಾಕ್ಸ್‌ನ ಕೆಡೆಟ್ ಹೇಳುತ್ತೇನೆ. ಮಡಚಿದಾಗ 84 ಮಿಲಿಮೀಟರ್, ಅಲ್ಯೂಮಿನಿಯಮ್ ಹಿಡಿ, ಜೇಬಿನಲ್ಲಿ ಇದ್ದದ್ದೇ ಗೊತ್ತಾಗುವುದಿಲ್ಲ. ಡಬ್ಬಿ ತೆರೆಯುವ, ಬಾಟಲಿ ತೆರೆಯುವ ಸಲಕರಣೆಗಳೂ ಇವೆ ಎಂದು ಕೆಲವರು ಇದನ್ನು ಸಾಂಪ್ರದಾಯಿಕ ಚಾಕು ಅಂತ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ. ಕಾರ್ಲ್ ಎಲ್ಸನರ್ ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ 1884ರಲ್ಲಿ ಚಾಕುವಿನ ಕಾರ್ಖಾನೆ ಶುರುಮಾಡಿದ. 1891ರಲ್ಲಿ ಅಲ್ಲಿಯ ಸೈನಿಕರಿಗೆ ಚಾಕು ಕೊಟ್ಟ. ತಾಯಿ ತೀರಿಕೊಂಡ ಮೇಲೆ 1909ರಲ್ಲಿ ಅವಳ ಹೆಸರನ್ನೇ, ವಿಕ್ಟೋರಿಯಾ ಅಂತ, ಗುರುತಾಗಿ ಇಟ್ಟುಕೊಂಡ. ಸ್ಟೇನ್‌ಲೆಸ್ ಉಕ್ಕು ಬಂದಾಗ, 1921ರಲ್ಲಿ, ಅದರ ಫ್ರೆಂಚ್ ಹೆಸರಿನ ಗಿಡ್ಡ ರೂಪ ‘ಇನಾಕ್ಸ್’ ಕೂಡ ಅದಕ್ಕೆ ಸೇರಿತು. ಅಮ್ಮನ ಹೆಸರು, ಜೊತೆಗೆ ತುಕ್ಕು ಹಿಡಿಯದ ಉಕ್ಕಿನ ಹೆಸರು! ನನಗೆ ಇದು ತುಂಬಾ ಇಷ್ಟ. ಈ ಉಕ್ಕು ಸ್ವಲ್ಪ ಮೆದು, ಬಾಯಿ ಬೇಗ ಮೊಂಡಾಗುತ್ತದೆ ನಿಜ. ಆದರೆ ಐದು ನಿಮಿಷ ಕಲ್ಲಿಗೆ ಹಿಡಿದರೆ ವಾಪಸ್ ಬರುತ್ತದೆ. ಮಸೆಯಲು ಕಲಿಯುವವನಿಗೆ ಅದೇ ಒಳ್ಳೆಯದು, ಅಲ್ವಾ?

ಯಾವುದನ್ನೇ ತೆಗೆದುಕೊ, ಕೈಯಲ್ಲಿ ಹಿಡಿದು ನೋಡಿ ತೆಗೆದುಕೊ. ಅಲಗಿನಲ್ಲಿ ಉಗುರು ಸಿಕ್ಕಿಸಲು ಒಂದು ಗೀಟು ಇರುತ್ತದೆ. ಉಗುರು ನೋಯದೆ ತೆರೆಯಬೇಕು, ಹಾಗಂತ ಕೊಡವಿದರೆ ತಾನೇ ಬಿಚ್ಚಿಕೊಳ್ಳಬಾರದು. ತೆರೆದ ಮೇಲೆ ಅಲಗನ್ನು ಮೆಲ್ಲಗೆ ಎಡಕ್ಕೆ ಬಲಕ್ಕೆ ಒತ್ತಿ ನೋಡು, ಆಡಬಾರದು. ಬೆಳಕಿಗೆ ಹಿಡಿದು ಸ್ಪ್ರಿಂಗಿಗೂ ಪಕ್ಕದ ತಗಡಿಗೂ ನಡುವೆ ಸಂದು ಉಂಟಾ ನೋಡು. ಮಡಚುವಾಗ ಕೊನೆಗೆ ‘ಟಕ್’ ಅಂತ ಸ್ಪಷ್ಟವಾಗಿ ಕೇಳಬೇಕು. ಆ ಸದ್ದು ಚೆನ್ನಾಗಿದ್ದರೆ ಒಳಗಿನ ಕೆಲಸವೂ ಸಾಮಾನ್ಯವಾಗಿ ಚೆನ್ನಾಗಿರುತ್ತದೆ.

ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಈ ಬಗೆಯ ಚಾಕುವಿಗೆ ಲಾಕ್ ಇಲ್ಲ. ಅಲಗನ್ನು ಹಿಡಿದು ನಿಲ್ಲಿಸುವುದು ಸ್ಪ್ರಿಂಗಿನ ಒತ್ತಡ ಮಾತ್ರ. ನನಗೆ ಇದು ಗೊತ್ತಿತ್ತು, ಆದರೂ ಒಂದು ದಿನ ಪ್ಲಾಸ್ಟಿಕ್ ಕ್ಯಾನಿಗೆ ತೂತು ಮಾಡಲು ಮೊನೆಯನ್ನು ಒತ್ತಿದೆ. ಅಲಗು ಮಡಚಿಕೊಂಡು ತೋರುಬೆರಳಿಗೆ ಬಿತ್ತು. ನಾಲ್ಕು ಹೊಲಿಗೆ. ಆ ಗುರುತು ಈಗಲೂ ಉಂಟು. ಬಾಯಿಯಿಂದ ಕೊಯ್ಯಬೇಕು, ಮೊನೆಯಿಂದ ಚುಚ್ಚಬಾರದು, ಮೀಟಬಾರದು. ಬೊಂಡ (ಎಳನೀರು) ಕೆತ್ತಲು, ತೆಂಗಿನಕಾಯಿಯ ಕಣ್ಣು ತೆಗೆಯಲು ಇದು ಬೇಡವೇ ಬೇಡ. ಅದಕ್ಕೆ ಮನೆಯಲ್ಲಿ ಕತ್ತಿ ಉಂಟಲ್ಲ.

ಮಸೆಯುವುದು ಕಷ್ಟವಲ್ಲ. ಬೀದಿಯಲ್ಲಿ ಚಕ್ರ ತಿರುಗಿಸಿ ಸಾಣೆ ಹಿಡಿಯುವವರ ಹತ್ತಿರ ಮಾತ್ರ ಕೊಡಬೇಡ. ಅಡುಗೆಮನೆಯ ದಪ್ಪ ಕತ್ತಿಗೆ ಅದು ಸರಿ. ಈ ತೆಳು ಅಲಗು ಅಲ್ಲಿ ಬಿಸಿಯಾಗಿ ಹದ ಕಳೆದುಕೊಳ್ಳುತ್ತದೆ, ಉಕ್ಕೂ ಸವೆಯುತ್ತದೆ. 1000 ಗ್ರಿಟ್‌ನ (ಕಲ್ಲಿನ ನುಣುಪಿನ ಅಳತೆ) ಒಂದು ಮಸೆಯುವ ಕಲ್ಲು ತೆಗೆದುಕೊ. ನೀರು ಹಾಕಿ, ಅಲಗಿನ ಬೆನ್ನನ್ನು ಚೂರೇ ಚೂರು ಎತ್ತಿ, ಎರಡೂ ಬದಿ ಸಮನಾಗಿ ಉಜ್ಜು. ಕಲ್ಲು ಇಲ್ಲದ ದಿನ ಪಿಂಗಾಣಿ ಕಪ್ಪಿನ ತಳದ ಒರಟು ಅಂಚು ಸಾಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಹತ್ತು ಸಲ ಹಿಂದಕ್ಕೆ ಎಳೆ. ಹಲಸು ಕೊಯ್ಯುವ ಮೊದಲು ಅಲಗಿಗೆ ತೆಂಗಿನೆಣ್ಣೆ ಸವರುವುದು ನಿನಗೆ ಗೊತ್ತೇ ಉಂಟು, ಇಲ್ಲದಿದ್ದರೆ ಮೇಣ ಬಿಡುವುದಿಲ್ಲ. ಮಳೆಗಾಲದಲ್ಲಿ ಕೀಲಿಗೂ ಒಂದು ಹನಿ ಎಣ್ಣೆ ಬಿಡು.

ಇನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುವ ವಿಚಾರ. ನಮ್ಮ ಜಿಲ್ಲೆಗಳಲ್ಲಿ ಚೂರಿ ಎಂಬ ಮಾತು ಪೇಪರಿನಲ್ಲಿ ಹೇಗೆ ಬರುತ್ತದೆ ಅಂತ ನಿನಗೂ ಗೊತ್ತು. ಜನರಿಗೆ ಹೆದರಿಕೆ ಆದರೆ ಅದು ಅವರ ತಪ್ಪಲ್ಲ. 1959ರ ಆಯುಧ ಕಾಯ್ದೆಯ ನಿಯಮಗಳು ಆಯುಧ ಎಂದು ಹೆಸರಿಸುವುದು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗುಗಳನ್ನು. ಮನೆಗೆ, ಕೃಷಿಗೆ ಎಂದು ಮಾಡಿದವು ಅದರಲ್ಲಿ ಸೇರುವುದಿಲ್ಲ. ನಾವು ಮಾತಾಡುತ್ತಿರುವುದು ಎರಡೂವರೆ ಇಂಚಿನದ್ದು. ಆದರೂ ನಿಷೇಧಾಜ್ಞೆ ಇರುವ ದಿನ ಮನೆಯಲ್ಲೇ ಬಿಟ್ಟು ಹೋಗು. ಮೊದಲು 144 ಅನ್ನುತ್ತಿದ್ದೆವಲ್ಲ, 2024ರ ಜುಲೈಯಿಂದ ಅದು ನಾಗರಿಕ ಸುರಕ್ಷಾ ಸಂಹಿತೆಯ 163. ಚುನಾವಣೆ, ಮೆರವಣಿಗೆ, ಕೋರ್ಟು, ಇಂಥ ಕಡೆಯೂ ಬೇಡ. ಬಜ್ಪೆಯಿಂದ ವಿಮಾನ ಹತ್ತುವುದಾದರೆ ಚೆಕ್-ಇನ್ ಬ್ಯಾಗಿಗೆ ಹಾಕು. ಬಟನ್ ಒತ್ತಿದರೆ ಚಿಮ್ಮುವ ಚಾಕುವಿನ ಆಸೆ ಯಾವತ್ತೂ ಬೇಡ. ನಾಲ್ಕು ಜನರ ನಡುವೆ ತೆರೆಯಬೇಕಾದರೆ ಎರಡೂ ಕೈಯಲ್ಲಿ ನಿಧಾನ ತೆರೆ, ಕೆಲಸ ಮುಗಿಸು, ಒರೆಸು, ಮಡಚು. ನಿನ್ನ ಕೈ ನೋಡಿಯೇ ಪಕ್ಕದವರಿಗೆ ಇದು ಹಣ್ಣು ಕೊಯ್ಯುವ ಚಾಕು ಅಂತ ಗೊತ್ತಾಗಬೇಕು. ಮೊನ್ನೆ ಉಡುಪಿ ಬಸ್ಸಿನಲ್ಲಿ ಮಲ್ಲಿಗೆ ಅಟ್ಟೆಯ (ಹೂವಿನ ಕಟ್ಟಿನ) ಬಾಳೆನಾರಿನ ಗಂಟು ಬಿಡಿಸಲಾಗದೆ ಒಬ್ಬ ಅಮ್ಮ ಒದ್ದಾಡುತ್ತಿದ್ದರು. ಕೇಳಿ, ತೆಗೆದು, ಕೊಯ್ದು ಕೊಟ್ಟೆ. ಅವರು ಒಂದು ತುಂಡು ಹೂ ಕೊಟ್ಟರು. ಮನೆಗೆ ತಂದು ದೇವರಿಗೆ ಇಟ್ಟೆ.

ದುಡ್ಡು ಕೊಡುವ ಮೊದಲು ಒಮ್ಮೆ ಇಲ್ಲಿಗೆ ಬಾ. ಬರುವ ಭಾನುವಾರ ಆಗಬಹುದಾ? ನನ್ನ ಕೆಡೆಟ್ ಒಂದು ತಿಂಗಳು ನಿನ್ನ ಜೇಬಿನಲ್ಲಿ ಇರಲಿ. ಕೈಗೆ ಒಗ್ಗಿದರೆ ಹೊಸದು ತೆಗೆದುಕೊ, ಇಲ್ಲದಿದ್ದರೆ ಬೇರೆ ನೋಡುವ. ಅಷ್ಟರವರೆಗೆ ನಾನು ಆ ಹಳೆಯ ಒಪಿನೆಲ್ ಜೊತೆ ಮೇಜು ಕುಟ್ಟುತ್ತಾ ಇರುತ್ತೇನೆ. ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಅಂತ ಅಜ್ಜಿ ಹೇಳುತ್ತಿದ್ದದ್ದು ನಿನಗೆ ನೆನಪಿರಬಹುದು. ಜಗಲಿಯ ಮೇಲೆ ಇಡುತ್ತೇನೆ, ನೀನು ಅಲ್ಲಿಂದ ಎತ್ತಿಕೊ. ಪೇರಳೆ ಮರದಲ್ಲಿ ಕಾಯಿ ಬಲಿತಿವೆ.

ನಿನ್ನ ಗೆಳೆಯ